ಮೊಹರು ಹಾಕಿದ ಮಣ್ಣು

ಪ್ರಕಟಣೆ ಎರಡೇ ಪುಟದ್ದು. ಈ ವರ್ಷ ಧ್ರುವ ಸಮುದ್ರಕ್ಕೆ ಹಡಗು ಹೋಗುವುದಿಲ್ಲ, ಹೊಸದಾಗಿ ಏನನ್ನೂ ಅಗೆದು ತರುವುದಿಲ್ಲ. ಆದರೆ ಹಿಂದಿನವರು ತಂದಿಟ್ಟ ಮಾದರಿಗಳು, ಬರೆದಿಟ್ಟ ಅಂಕಿಅಂಶಗಳು ಯಾರ ಹತ್ತಿರವಾದರೂ ಇದ್ದರೆ, ಅವುಗಳ ಮೇಲೆ ಕೆಲಸ ಮಾಡಲು ಎರಡು ವರ್ಷದ ಅನುದಾನ ಕೊಡಲಾಗುವುದು. ಇಷ್ಟೇ ವಿಷಯ. ಅದು ಸಂಸ್ಥೆಯ ಸೂಚನಾಫಲಕಕ್ಕೆ ಬಿದ್ದ ದಿನ ಮೂರು ಮಹಡಿಯ ವಿಜ್ಞಾನಿಗಳೂ ಅಟ್ಟದ ಮೇಲಿನ ಹಳೇ ಪಾತ್ರೆ ಇಳಿಸಿ ಉಜ್ಜಲು ಕೂತವರ ಹಾಗೆ ಬೀರು ತೆಗೆದು, ಕೆಮ್ಮುತ್ತ, ಧೂಳು ಕೊಡವಲು ಶುರುಮಾಡಿದರು.

ಡಾಕ್ಟರಮ್ಮ ಮಾತ್ರ ತನ್ನ ಕುರ್ಚಿ ಬಿಟ್ಟು ಏಳಲಿಲ್ಲ. ಅವಳಿಗೆ ಆ ಹೆಸರಿಟ್ಟವರು ಮನೆಯ ಅಕ್ಕಪಕ್ಕದವರು. ಸಮುದ್ರದ ತಳದ ಮಣ್ಣಿನ ಮೇಲೆ ಡಾಕ್ಟರೇಟ್ ಮಾಡಿದ್ದಾಳೆ, ನೆಗಡಿಗೆ ಔಷಧಿ ಗೊತ್ತಿಲ್ಲ ಎಂದು ಎಷ್ಟು ಸಲ ಹೇಳಿದರೂ ಕೇಳದೆ ಮಂಡಿನೋವು, ಹೊಟ್ಟೆನೋವು ಎಂದು ಬಾಗಿಲು ತಟ್ಟುತ್ತಿದ್ದರು. ಆ ಹೆಸರು ಹೇಗೋ ಸಂಸ್ಥೆಗೂ ಬಂದು ಅಂಟಿಕೊಂಡಿತ್ತು.

ಮಧ್ಯಾಹ್ನದ ಹೊತ್ತಿಗೆ ನಿರ್ದೇಶಕರೇ ಅವಳ ಕೋಣೆಗೆ ಬಂದರು. ಎರಡು ವರ್ಷದ ಹಿಂದೆ ಬೇರೆ ಕಡೆಯಿಂದ ಬಂದವರು. ಹಳೇ ಕಥೆಗಳು ಅವರಿಗೆ ಕಡತದಲ್ಲಿ ಇದ್ದಷ್ಟೇ ಗೊತ್ತು.

"ನೆಲಮಾಳಿಗೆಯಲ್ಲಿ ನಲವತ್ತೊಂದು ಕೊಳವೆ ಇದೆಯಂತಲ್ಲ ಮೇಡಂ, ಮೊಹರು ಹಾಕಿಟ್ಟಿದ್ದು? ಧ್ರುವ ಸಮುದ್ರದ ಮಣ್ಣಂತೆ? ಮತ್ತೆ ಸುಮ್ಮನೆ ಯಾಕೆ ಕೂತಿದ್ದೀರಿ? ಬೇರೆಯವರಿಗೆ ಇಂಥದ್ದು ಹುಡುಕಿದರೂ ಸಿಗಲ್ಲ."

"ಅದು ವಿಚಾರಣೆಯ ಸಾಕ್ಷ್ಯ ಸರ್," ಅಂದಳು.

"ವಿಚಾರಣೆ ಮುಗಿದು ಒಂಬತ್ತು ವರ್ಷ ಆಯ್ತು. ಮೊಹರು ಒಡೆಯೋಕೆ ಇವತ್ತೇ ಸಹಿ ಹಾಕ್ತೀನಿ. ಅರ್ಜಿ ಬರೀರಿ."

ಅವರು ಹೋದ ಮೇಲೆ ಡಾಕ್ಟರಮ್ಮ ಲೋಟದ ನೀರೆಲ್ಲ ಕುಡಿದಳು.

ಒಂಬತ್ತು ವರ್ಷದ ಹಿಂದಿನ ಮಾತು. ಸಂಸ್ಥೆಯ ಶೀತಲ ಕೋಣೆಯಲ್ಲಿ ಜಾಗ ಸಾಲದೆ, ಹಳೆಯ ಮಾದರಿಗಳನ್ನು ವಿಲೇವಾರಿ ಮಾಡಬೇಕೆಂದು ಆದೇಶ ಬಂತು. ಆಗ ವಿಭಾಗದ ಉಸ್ತುವಾರಿ ಡಾಕ್ಟರಮ್ಮನದು. ಎರಡು ಯಾನಗಳಲ್ಲಿ ಹಿಮದಂಚಿನ ಸಮುದ್ರತಳಕ್ಕೆ ಉಕ್ಕಿನ ಪೈಪು ಇಳಿಸಿ ಎತ್ತಿ ತಂದ ಮಣ್ಣಿನ ಕೊಳವೆಗಳು ಪಟ್ಟಿಯಲ್ಲಿ ಮೊದಲು ಬಂದವು. ಕೊಳವೆಯನ್ನು ಉದ್ದಕ್ಕೆ ಸೀಳಿ ಒಂದರ್ಧ ಆಗಲೇ ಬಳಸಿಯಾಗಿತ್ತು. ಉಳಿದರ್ಧ ಹಾಗೇ ಮಲಗಿತ್ತು. ಅವನ್ನು ಹಡಗಿನಲ್ಲಿ ಕೊಯ್ದು, ಸುತ್ತಿ, ಹೊತ್ತು ತಂದವನು ಪ್ರಯೋಗಾಲಯದ ತಂತ್ರಜ್ಞ. ಸದಾ ಮೊಣಕೈವರೆಗೆ ಮಣ್ಣು ಮೆತ್ತಿಕೊಂಡಿರುತ್ತಿದ್ದುದರಿಂದ ಎಲ್ಲರ ಬಾಯಲ್ಲೂ ಕೆಸರಣ್ಣ.

"ಮೇಡಂ, ಇದು ಕೊಳೆಯೋ ತರಕಾರಿ ಅಲ್ಲ," ಎಂದು ಕೆಸರಣ್ಣ ಅವಳ ಬಾಗಿಲಲ್ಲಿ ನಿಂತು ಬೇಡಿಕೊಂಡಿದ್ದ. "ಒಂದೊಂದು ಬೆರಳಷ್ಟು ಮಣ್ಣಿನಲ್ಲಿ ನೂರಿನ್ನೂರು ವರ್ಷ ಇದೆ. ಅದರೊಳಗಿರೋ ಸೂಕ್ಷ್ಮ ಪಾಚಿಯ ಚಿಪ್ಪು ನೋಡಿದ್ರೆ ಹಿಮ ಯಾವಾಗ ಇತ್ತು, ಯಾವಾಗ ಕರಗ್ತು ಅಂತ ಗೊತ್ತಾಗುತ್ತೆ ಅಂತ ನೀವೇ ಹೇಳಿಕೊಟ್ಟಿದ್ದು. ಇನ್ನೊಂದ್ಸಲ ಅಲ್ಲಿಗೆ ಯಾರು ಹೋಗ್ತಾರೆ?"

"ನನ್ನ ಕೈಲಿ ಏನೂ ಇಲ್ಲ," ಅಂದಿದ್ದಳು. ಅವಳ ಬಡ್ತಿಯ ಕಡತ ಆಗ ಮೇಲಿನವರ ಮೇಜಿನಲ್ಲಿತ್ತು. 'ನನ್ನ ಸಮಕ್ಷಮದಲ್ಲಿ ನಲವತ್ತೊಂದು ಕೊಳವೆ ನಾಶಪಡಿಸಲಾಯಿತು' ಎಂಬ ಪ್ರಮಾಣಪತ್ರಕ್ಕೆ, ಹೋಗಿ ನೋಡುವ ಗೋಜಿಗೂ ಹೋಗದೆ, ಕೂತಲ್ಲೇ ಸಹಿ ಹಾಕಿದಳು.

ನಾಲ್ಕು ತಿಂಗಳ ಮೇಲೆ ಹಳೇ ವರದಿ ಹುಡುಕುತ್ತ ನೆಲಮಾಳಿಗೆಗೆ ಇಳಿದಾಗ ಗೋಡೆಯಾಚೆ ಗುಂಯ್ ಎಂಬ ಸದ್ದು ಕೇಳಿಸಿತು. ಹಿಂದೆ ಕ್ಯಾಂಟೀನಿನ ತರಕಾರಿ ಇಡುತ್ತಿದ್ದ ತಂಪು ಕೋಣೆ ಅದು. ಕೆಟ್ಟು ಎಷ್ಟೋ ಕಾಲವಾಗಿತ್ತು. ಬಾಗಿಲ ಗಾಜಿಗೆ ಕಣ್ಣು ಹಚ್ಚಿ ನೋಡಿದರೆ, ತರಕಾರಿಯ ಹಲಗೆಗಳ ಮೇಲೆ ನಲವತ್ತೊಂದು ಕೊಳವೆ ಅಚ್ಚುಕಟ್ಟಾಗಿ ಮಲಗಿವೆ. ಕೆಸರಣ್ಣ ಯಂತ್ರ ರಿಪೇರಿ ಮಾಡಿ, ತಳ್ಳುಗಾಡಿಯಲ್ಲಿ ಸಾಗಿಸಿ, ಯಾರಿಗೂ ಹೇಳದೆ ಕಾಪಾಡಿದ್ದ.

ಸಂತೋಷಪಡುವ ಹೊತ್ತು ಅದು. ಆದರೆ ಅವಳ ಕಣ್ಣಿಗೆ ಬಂದದ್ದು ತನ್ನ ಸಹಿ. ನಾಳೆ ಇನ್ನಾರೋ ಇದನ್ನು ಕಂಡರೆ ಸುಳ್ಳು ಪ್ರಮಾಣಪತ್ರ ಕೊಟ್ಟವಳು ತಾನಾಗುತ್ತೇನೆ. ಹಾಗಾಗುವ ಮೊದಲೇ, ಪ್ರಮಾಣಪತ್ರ ಪಡೆದು ವಂಚಿಸಿದವನು ಅವನು ಎಂದಾಗಿಬಿಟ್ಟರೆ? ಮರುದಿನ ಹಿಂದಿನ ನಿರ್ದೇಶಕರ ಮೇಜಿನ ಮೇಲೆ ಟೈಪು ಮಾಡಿದ ಕಾಗದವೊಂದು ಬಂದು ಬಿತ್ತು. ಸಹಿ ಇರಲಿಲ್ಲ.

ವಿಚಾರಣೆ ನಡೆಯಿತು. ಕೆಸರಣ್ಣನನ್ನು ಅವಧಿಗೆ ಮೊದಲೇ ನಿವೃತ್ತಿ ಮಾಡಿ ಕಳಿಸಿದರು. ಕೊಳವೆಗಳಿಗೆ ಸಾಕ್ಷ್ಯ ಎಂದು ಅರಗಿನ ಮೊಹರು ಬಿತ್ತು. ಸಾಕ್ಷ್ಯವನ್ನು ಎಸೆಯುವಂತಿಲ್ಲ, ಕೆಡಲು ಬಿಡುವಂತಿಲ್ಲ. ಹೀಗಾಗಿ ಆ ಯಂತ್ರ ಒಂಬತ್ತು ವರ್ಷ ನಿಲ್ಲದೆ ಓಡಿತು. 'ನಾನು ಬರೆಯದಿದ್ದರೆ ಯಾರಾದರೂ ನೋಡಿ ಎಸೆದೇ ಬಿಡುತ್ತಿದ್ದರು, ಒಂದರ್ಥದಲ್ಲಿ ಅದನ್ನು ಉಳಿಸಿದವಳು ನಾನೇ' ಎಂದು ಅವಳು ತನಗೇ ಹೇಳಿಕೊಂಡದ್ದುಂಟು. ಹಾಗೆ ಹೇಳಿಕೊಂಡ ದಿನ ಕನ್ನಡಿಯಲ್ಲಿ ಮುಖ ನೋಡಿಕೊಳ್ಳದೆ ತಲೆ ಬಾಚಿಕೊಳ್ಳುತ್ತಿದ್ದಳು.

ಮೊಹರು ಒಡೆದು ನೋಡಿದರೆ ಮಣ್ಣು ಅಲ್ಲಲ್ಲಿ ಬಿರುಕು ಬಿಟ್ಟದ್ದು ಬಿಟ್ಟರೆ ಸರಿಯಾಗಿಯೇ ಇತ್ತು. ಕೆಟ್ಟಿದ್ದು ಚೀಟಿಗಳು. ತಂಪು ಕೋಣೆಯ ತೇವಕ್ಕೆ ಶಾಯಿ ಕರಗಿ ನೀಲಿ ಕಲೆಯಷ್ಟೇ ಉಳಿದಿತ್ತು. ಕೊಳವೆಯ ತುದಿಯಲ್ಲಿ ಮೊಳೆಯಿಂದ ಗೀರಿದ ಒಂದು, ಎರಡು, ಮೂರು ಎಂಬ ಸಂಖ್ಯೆಗಳು ಮಾತ್ರ ಕಾಣುತ್ತಿದ್ದವು. ಯಾವ ಸಂಖ್ಯೆ ಸಮುದ್ರದ ಯಾವ ಜಾಗದ್ದು, ಎಷ್ಟು ಆಳದ್ದು, ಯಾವ ತುದಿ ಮೇಲಿನದು ಎಂದು ತಿಳಿಯದಿದ್ದರೆ ಅದು ಹೂಕುಂಡಕ್ಕೆ ಹಾಕುವ ಮಣ್ಣಿಗಿಂತ ಹೆಚ್ಚಲ್ಲ. ಆ ಲೆಕ್ಕವಿದ್ದುದು ಕೆಸರಣ್ಣನ ಟಿಪ್ಪಣಿ ಪುಸ್ತಕಗಳಲ್ಲಿ. ಅವು ಅವನ ಮನೆಯಲ್ಲಿ.

"ಹೋಗಿ ಕೇಳು, ಅದಕ್ಕೇನಂತೆ," ಅಂದ ಅವಳ ಗಂಡ. ಅವನು ಶಾಲೆಯಲ್ಲಿ ಗಣಿತದ ಮೇಷ್ಟ್ರು. ಅವನಿಗೂ ಅವಳು ಆ ಕಾಗದದ ವಿಷಯ ಹೇಳಿರಲಿಲ್ಲ.

ಕೆಸರಣ್ಣನ ಮನೆ ರೈಲುಹಳಿಯ ಹಿಂದಿನ ಬೀದಿಯಲ್ಲಿ. ಮುಂದಿನ ಕೋಣೆಯೇ ಅಂಗಡಿ. ಬಾಗಿಲು ಕಳಚಿದ ನಾಲ್ಕು ಫ್ರಿಜ್ಜುಗಳ ನಡುವೆ ಅವನು ಮಣೆ ಹಾಕಿಕೊಂಡು ಕೂತಿದ್ದ. ತಲೆ ಪೂರ್ತಿ ಬೆಳ್ಳಗಾಗಿತ್ತು. ಅವಳನ್ನು ಕಂಡವನೇ ಸ್ಪ್ಯಾನರ್ ಕೆಳಗಿಟ್ಟು ಎದ್ದ.

"ಅಯ್ಯೋ ಮೇಡಂ! ಇದೇನಿದು, ದಾರಿ ತಪ್ಪಿ ಬಂದ್ರಾ? ಏ, ಯಾರು ಬಂದಿದ್ದಾರೆ ನೋಡು ಬಾರೇ!"

ಒಳಗಿನಿಂದ ಬಂದ ಹೆಂಡತಿ ಕೈ ಒರೆಸಿಕೊಳ್ಳುತ್ತ ಕುರ್ಚಿಯ ಮೇಲಿನ ಬಟ್ಟೆಯ ರಾಶಿ ಎತ್ತಿದಳು. ಡಾಕ್ಟರಮ್ಮ ಕೂತು ವಿಷಯ ಹೇಳಿದಳು. ಅನುದಾನ, ಹಳೇ ಮಾದರಿ, ಮೊಹರು ಒಡೆದದ್ದು. ಕೇಳುತ್ತ ಕೇಳುತ್ತ ಕೆಸರಣ್ಣನ ಬಾಯಿ ತೆರೆದುಕೊಂಡಿತು.

"ಇನ್ನೂ ಇದೆಯಾ? ಎಲ್ಲಾ ನಲವತ್ತೊಂದೂ? ನಾನು ಚರಂಡಿ ಪಾಲಾಯ್ತು ಅಂದ್ಕೊಂಡಿದ್ದೆ!" ಎದ್ದವನೇ ಒಳಗೆ ಹೋಗಿ ಕಬ್ಬಿಣದ ಪೆಟ್ಟಿಗೆಯಿಂದ ಐದು ಪುಸ್ತಕ ತಂದು ಅವಳ ತೊಡೆಯ ಮೇಲಿಟ್ಟ. "ತಗೊಳ್ಳಿ. ಪ್ರತಿಯೊಂದು ಕೊಳವೇನೂ ಇದರಲ್ಲಿದೆ. ಆವತ್ತು ಸಮುದ್ರ ಹೇಗಿತ್ತು ಅಂತಾನೂ ಬರ್ದಿದ್ದೀನಿ."

ಬೇಡಲು ಬಂದವಳ ಬಾಯಿಗೆ ಬೇಡುವ ಕೆಲಸವೇ ಬರಲಿಲ್ಲ. ಅವಳು ತಲೆ ತಗ್ಗಿಸಿ ಹಾಳೆ ತಿರುವಿದಳು.

ಚಹಾ ತಂದ ಹೆಂಡತಿ ಹೇಳಿದಳು: "ಮಣ್ಣು ಉಳೀತು, ಸಂತೋಷ. ಆದ್ರೆ ಆ ಮಣ್ಣಿಂದ ನನ್ನ ತವರು ಹೋಯ್ತು ಮೇಡಂ."

"ಅದೆಲ್ಲ ಯಾಕೀಗ?" ಕೆಸರಣ್ಣ ಗದರಿದ.

"ಯಾಕೆ ಹೇಳಬಾರ್ದು? ಮೇಡಂ ಏನು ಹೊರಗಿನವರಾ?" ಎಂದು ಅವಳು ಮುಂದುವರಿಸಿದಳು. ಸಂಸ್ಥೆಯ ಉಗ್ರಾಣ ನೋಡಿಕೊಳ್ಳುತ್ತಿದ್ದವನು ಅವಳ ತಮ್ಮ. ನೆಲಮಾಳಿಗೆಯ ಕೀಲಿ ಕೊಟ್ಟವನು ಅವನೇ. ಕೋಣೆಯ ಗುಟ್ಟು ಗೊತ್ತಿದ್ದುದು ಭಾವ, ಭಾವಮೈದುನ ಇಬ್ಬರಿಗೇ. ನಿರ್ದೇಶಕರಿಗೆ ಹೋದ ಸಹಿಯಿಲ್ಲದ ಮೂಕರ್ಜಿಯಲ್ಲಿ ಎಲ್ಲವೂ ಇತ್ತು, ಕೀಲಿ ಕೊಟ್ಟವನ ಹೆಸರೊಂದು ಇರಲಿಲ್ಲ. ವಿಚಾರಣೆಯಲ್ಲಿ ಕೀಲಿಯ ವಿಷಯ ಹೊರಬಿದ್ದರೂ ಅವನನ್ನು ಎಚ್ಚರಿಕೆ ಕೊಟ್ಟು ಬಿಟ್ಟರು, ಇವನನ್ನು ಮನೆಗೆ ಕಳಿಸಿದರು.

"ತಾನೇ ಬರೆದೋನು ತನ್ನ ಹೆಸರು ಹಾಕ್ಕೊಳ್ತಾನಾ?" ಕೆಸರಣ್ಣ ಸಿಡುಕಿದ. "ಕೆಲಸ ಉಳಿಸಿಕೊಳ್ಳೋಕೆ ಅಕ್ಕನ ಗಂಡನ್ನ ಹಿಡ್ಕೊಟ್ಟ. ನನ್ನ ಮನೆ ಹೊಸಿಲು ತುಳೀಬೇಡ ಅಂದೆ. ತುಳಿದಿಲ್ಲ. ಮುಗೀತು."

"ಅವನು ಹಾಗೆ ಮಾಡೋನಲ್ಲ ಅಂತ ಒಂಬತ್ತು ವರ್ಷದಿಂದ ಬಡ್ಕೊಳ್ತಿದ್ದೀನಿ."

ಡಾಕ್ಟರಮ್ಮ ಚಹಾ ಕುಡಿದಳು. ಬಿಸಿ ನಾಲಿಗೆ ಸುಟ್ಟರೂ ಲೋಟ ಕೆಳಗಿಡಲಿಲ್ಲ, ಇಟ್ಟರೆ ಬಾಯಿ ಖಾಲಿಯಾಗಿ ಏನಾದರೂ ಹೇಳಬೇಕಾಗುತ್ತಿತ್ತು. ಐದು ಪುಸ್ತಕಗಳನ್ನು ಎದೆಗೊತ್ತಿಕೊಂಡು, "ಬರ್ತೀನಿ" ಎಂದು ಹೇಳಿ ಎದ್ದಳು. ಬೀದಿಯ ತಿರುವಿನವರೆಗೂ ಕೆಸರಣ್ಣ ಜೊತೆಗೆ ಬಂದು ಬಸ್ಸು ಹತ್ತಿಸಿದ.

ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: ಈ ಮಾದರಿಗಳನ್ನು ಇಲ್ಲಿಯವರೆಗೆ ಯಾರು, ಹೇಗೆ ಸಂರಕ್ಷಿಸಿದ್ದಾರೆ? ಅವಳು ಮೂರು ದಿನ ಆ ಖಾಲಿ ಜಾಗವನ್ನು ಖಾಲಿಯೇ ಬಿಟ್ಟಳು. ಕೊನೆಗೆ 'ಸಂಸ್ಥೆಯ ತಂಪು ಕೋಣೆಯಲ್ಲಿ, ನಾಲ್ಕು ಡಿಗ್ರಿ ಉಷ್ಣತೆಯಲ್ಲಿ, ನಿರಂತರವಾಗಿ' ಎಂದು ಬರೆದಳು. ಒಂದಕ್ಷರವೂ ಸುಳ್ಳಲ್ಲ. ಅನುದಾನ ಮಂಜೂರಾಯಿತು. ಪರಿಶೀಲಕರು ಮಾದರಿಗಳ ದಾಖಲೆಯ ಅಚ್ಚುಕಟ್ಟುತನವನ್ನು ವಿಶೇಷವಾಗಿ ಹೊಗಳಿದ್ದರು. ನಿರ್ದೇಶಕರು ಎಲ್ಲರೆದುರು ಅವಳ ಬೆನ್ನು ತಟ್ಟಿದರು. ತಟ್ಟಿದ ಜಾಗ ದಿನವಿಡೀ ಉರಿಯಿತು.

ಮಣ್ಣು ಕೊಯ್ಯಲು ಕೈ ಪಳಗಿದವರು ಬೇಕಿತ್ತು. ಅವಳು ಕೆಸರಣ್ಣನನ್ನೇ ಕರೆಸಿದಳು. ಪಾಪ ತೊಳೆದುಕೊಳ್ಳುವ ಉಪಾಯ ಅದು ಎಂದು ಅವಳಿಗೆ ಗೊತ್ತಿತ್ತು. ಅವನಿಗೆ ಗೊತ್ತಿರಲಿಲ್ಲ. ಮೊದಲ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ಗೇಟಿನ ಕಾವಲುಗಾರನಿಂದ ಹಿಡಿದು ಎಲ್ಲರನ್ನೂ ಮಾತಾಡಿಸಿದ. ಮೊದಲ ಕೊಳವೆಯ ಹೊದಿಕೆ ಬಿಚ್ಚಿದಾಗ ಮೂಗು ಹತ್ತಿರ ತಂದು ವಾಸನೆ ನೋಡಿ, "ಒಂದು ಚೂರೂ ಬದಲಾಗಿಲ್ಲ ನೋಡಿ ಇವನು. ನಾವೇ ಮುದುಕರಾಗಿದ್ದು," ಎಂದು ನಕ್ಕ.

ಕೆಲಸ ನಿಧಾನದ್ದು. ಕೊಳವೆಯ ಪಕ್ಕ ಅಳತೆಪಟ್ಟಿ ಇಟ್ಟು, ತೆಳು ಅಲಗಿನಿಂದ ಒಂದೊಂದು ಸೆಂಟಿಮೀಟರಿನ ಪದರ ಎತ್ತಿ, ಚೀಲಕ್ಕೆ ಹಾಕಿ, ಸಂಖ್ಯೆ ಬರೆಯಬೇಕು. ಹಸಿರು ಛಾಯೆಯ ಪದರ ಬಂದರೆ ಆಗ ಸಮುದ್ರ ತೆರೆದಿತ್ತು, ಬೂದು ಬಂದರೆ ಮೇಲೆ ಹಿಮ ಮುಚ್ಚಿತ್ತು ಎಂದು ಬರಿಗಣ್ಣಿಗೇ ಅಂದಾಜಾಗುತ್ತಿತ್ತು. ಅವನು ಕೊಯ್ಯುತ್ತಿದ್ದ, ಅವಳು ಚೀಲ ಹಿಡಿಯುತ್ತಿದ್ದಳು. ಮಾತು ತನ್ನಷ್ಟಕ್ಕೆ ಹರಿಯುತ್ತಿತ್ತು.

ಹನ್ನೊಂದನೆಯ ದಿನ ಬೆಳಿಗ್ಗೆ ಅವನು ಅಲಗು ಒರೆಸುತ್ತ ಹೇಳಿದ: "ನನ್ನ ಭಾವಮೈದುನನ ಮಗಳಿಗೆ ಮಗು ಆಗಿದೆಯಂತೆ. ಆ ಹುಡುಗೀನ ಎತ್ತಿ ಆಡಿಸಿದ್ದು ನಾವೇ. ಮದುವೆ ಕಾಗದ ಬಂದಾಗ ಹರಿದು ಹಾಕ್ದೆ. ಇವಳು ಚೂರೆಲ್ಲ ಆಯ್ದು ಅಂಟಿಸಿ ಇಟ್ಕೊಂಡಿದ್ದಾಳೆ, ನನಗೆ ಗೊತ್ತಿಲ್ಲ ಅಂದ್ಕೊಂಡು. ಈಗ ಮಗು ನೋಡ್ಬೇಕು ಅಂತ ನಿನ್ನೆಯಿಂದ ಮುಖ ಊದಿಸಿಕೊಂಡು ಕೂತಿದ್ದಾಳೆ. ಹೋಗು ಅನ್ನೋಕೆ ಬಾಯಿ ಬರ್ತಿಲ್ಲ ಮೇಡಂ. ಏನ್ ಮಾಡ್ಲಿ ಹೇಳಿ?"

ಡಾಕ್ಟರಮ್ಮ ಚೀಲ ಹಿಡಿದುಕೊಂಡೇ ಅವನ ಕಡೆ ತಿರುಗಿದಳು.

"ಆ ಕಾಗದ ಬರೆದಿದ್ದು ಅವನಲ್ಲ," ಅಂದಳು. "ನಾನು."

ಅವನಿಗೆ ಅರ್ಥವಾಗಲಿಲ್ಲ. "ಯಾವ ಕಾಗದ?"

"ಮೂಕರ್ಜಿ. ನಾನು ಬರ್ದಿದ್ದು. ನೋಡದೆ ಸಹಿ ಹಾಕಿದ್ದೆ, ಕೊಳವೆ ನಾಶ ಆಯ್ತು ಅಂತ. ಅದು ಹೊರಗೆ ಬಂದ್ರೆ ನನ್ನ ಗತಿ ಏನು ಅಂತ ಹೆದರಿ..."

ಕೆಸರಣ್ಣ ಅರ್ಧ ಬಿಡಿಸಿದ್ದ ಪದರವನ್ನು ಪೂರ್ತಿ ಎತ್ತಿದ. ಅವಳ ಕೈಯಿಂದ ಚೀಲ ತೆಗೆದುಕೊಂಡು ತಾನೇ ಹಾಕಿ, ಬಾಯಿ ಮುಚ್ಚಿ, ಸಂಖ್ಯೆ ಬರೆದ. ಅಲಗು ತೊಳೆದ. ಕೈ ತೊಳೆದ. ಒರೆಸಿಕೊಳ್ಳುತ್ತ ನಿಂತವನು ಕೇಳಿದ: "ನಮ್ಮ ಮನೆಗೆ ಬಂದಾಗ ಇವಳು ಎಲ್ಲಾ ಹೇಳಿದ್ಲಲ್ಲ. ಆಗ ಚಹಾ ಕುಡೀತಿದ್ರಿ ನೀವು."

"ಹೌದು."

"ಪುಸ್ತಕ ಕೈಗೆ ಬಂದಿತ್ತು, ಅಲ್ವಾ?"

ಅವಳು ತಲೆಯಾಡಿಸಿದಳು. ಅವನು ಅಂಗಿಯ ತೋಳು ಇಳಿಸಿ, ಗುಂಡಿ ಹಾಕಿಕೊಂಡು ಹೊರಟುಹೋದ.

ಅಂದು ಸಂಜೆ ಅವಳು ಗಂಡನಿಗೆ ಹೇಳಿದಳು. ಮೇಷ್ಟ್ರು "ನನಗೂ ಹೇಳಲಿಲ್ಲವಲ್ಲ" ಎಂದಷ್ಟೇ ಅಂದು ಎದ್ದು ಹೋಗಿ ಬಾಲ್ಕನಿಯಲ್ಲಿ ಒಣಗಿದ ಬಟ್ಟೆಗಳನ್ನು ಒಂದೊಂದಾಗಿ ಮಡಚಿದ.

ಮರುದಿನ ನಡೆದದ್ದನ್ನೆಲ್ಲ ಬರೆದು, ಕೆಳಗೆ ಸಹಿ ಹಾಕಿ, ನಿರ್ದೇಶಕರ ಮುಂದಿಟ್ಟಳು. ಅವರು ಓದಿ, ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಯಾಕೆ ಮೇಡಂ ಈಗ? ಅನುದಾನ ಬಂದಿದೆ, ಕೆಲಸ ನಡೀತಿದೆ. ಮುಚ್ಚಿದ ಕಡತ. ಇದನ್ನ ಡ್ರಾಯರಿನಲ್ಲಿ ಇಟ್ಟಿರ್ತೀನಿ, ನಿಧಾನಕ್ಕೆ ಯೋಚನೆ ಮಾಡಿ."

"ಇನ್ನೊಂದು ಪ್ರತಿ ಟಪಾಲು ತಗೊಳ್ಳೋ ಆವಕ ವಿಭಾಗದಲ್ಲಿ ಕೊಟ್ಟು ಸೀಲು ಹಾಕಿಸಿಯೇ ಬಂದಿದ್ದೀನಿ ಸರ್," ಅಂದಳು. ತನ್ನನ್ನು ತಾನೇ ನಂಬಿದರೆ ಸಂಜೆಯೊಳಗೆ ಮನಸ್ಸು ಬದಲಾಯಿಸಿಬಿಡುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

ವಾರದೊಳಗೆ ಯೋಜನೆಯ ನೇತೃತ್ವ ಪಕ್ಕದ ಕೋಣೆಯ ಕಿರಿಯ ವಿಜ್ಞಾನಿಯ ಹೆಸರಿಗೆ ಹೋಯಿತು. ಡಾಕ್ಟರಮ್ಮನ ಮೇಲೆ ವಿಚಾರಣೆ ಆಗುವುದೋ ಇಲ್ಲವೋ ಎಂದು ಮೇಲಿನವರು ಚರ್ಚಿಸುತ್ತಿದ್ದರು. ಅಲ್ಲಿಯವರೆಗೆ ಕೊಯ್ಯುವ ಮೇಜಿನ ಕೆಲಸ ಮಾಡಿಕೊಂಡಿರಬಹುದು ಎಂದರು. ಕ್ಯಾಂಟೀನಿನಲ್ಲಿ ಅವಳು ಕೂತ ಮೇಜಿಗೆ ಯಾರೂ ಬರುತ್ತಿರಲಿಲ್ಲ. ಬಾರದಿದ್ದುದೇ ಅವಳಿಗೂ ಹಗುರವೆನಿಸುತ್ತಿತ್ತು.

ಕೆಸರಣ್ಣ ಐದು ದಿನ ಬರಲಿಲ್ಲ. ಆರನೆಯ ದಿನ ಬಂದ. ಇಸ್ತ್ರಿಯಿಲ್ಲದ ಅಂಗಿ.

"ಕೆಲಸ ಮುಗಿಸಿಕೊಡ್ತೀನಿ. ಮಣ್ಣಿನ ತಪ್ಪೇನಿಲ್ಲ," ಅಂದ. "ಆದ್ರೆ ಮಾತು ಬೇಡ."

ಅಂದಿನಿಂದ ಅವರ ನಡುವೆ ಕೊಳವೆಯ, ಪದರದ ಸಂಖ್ಯೆಗಳು ಮಾತ್ರ. "ಹದಿನೇಳು, ನಲವತ್ತು." "ಬರ್ದೆ." "ಹದಿನೇಳು, ನಲವತ್ತೊಂದು." "ಬರ್ದೆ." ಅವನು ಭಾವಮೈದುನನ ಮನೆಗೆ ಹೋಗಿದ್ದನೆಂದು ತಿಳಿದದ್ದು ಉಗ್ರಾಣದ ಈಗಿನ ಗುಮಾಸ್ತನಿಂದ. ಭಾವಮೈದುನನ ಮನೆ ಆ ಗುಮಾಸ್ತನ ಬೀದಿಯಲ್ಲೇ. ಭಾವಮೈದುನ ಬಾಗಿಲು ತೆರೆದನಂತೆ, ಕೂರಿಸಿ ನೀರು ಕೊಟ್ಟನಂತೆ. ಎಲ್ಲಾ ಕೇಳಿ, "ನಿನಗೆ ಈಗ ಗೊತ್ತಾಯ್ತು ಭಾವ. ನನಗೆ ಆವತ್ತೇ ಗೊತ್ತಿತ್ತು, ನಾನಲ್ಲ ಅಂತ. ನನ್ನ ಮಾತು ಸಾಲದೆ ಹೋಯ್ತಲ್ಲ," ಅಂದನಂತೆ. ಜೊತೆಗೆ ಹೋಗಿದ್ದ ಅಕ್ಕ ಮಾತ್ರ ಮಗುವನ್ನು ಎತ್ತಿಕೊಂಡು ಸಂಜೆಯವರೆಗೂ ಕೆಳಗಿಳಿಸಲಿಲ್ಲವಂತೆ.

ಕೇಳಿದ ಡಾಕ್ಟರಮ್ಮನಿಗೆ ಅನ್ನಿಸಿತು, ತಾನು ಒಡೆದದ್ದು ಒಂದು ಮನೆಯಲ್ಲ, ಎರಡು. ಸತ್ಯ ಹೇಳಿದ ಮಾತ್ರಕ್ಕೆ ಒಂಬತ್ತು ವರ್ಷದ ಬಿರುಕು ಕೂಡಿಕೊಳ್ಳುವುದಿಲ್ಲ.

ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ, ಕೆಸರಣ್ಣ ರಜೆ ಹಾಕಿದ್ದ ದಿನ, ಅವಳೊಬ್ಬಳೇ ಮೇಜಿನ ಬಳಿ ಇದ್ದಾಗ ಬಾಗಿಲಲ್ಲಿ ಒಬ್ಬ ಬಂದು ನಿಂತ. ಕುಳ್ಳಗಿನ ಮನುಷ್ಯ, ಒಂದು ಕಾಲು ಎಳೆದು ಹಾಕುತ್ತಿದ್ದ. ಹಿಂದೆ ಉಗ್ರಾಣ ನೋಡಿಕೊಳ್ಳುತ್ತಿದ್ದ, ಕೆಸರಣ್ಣನ ಭಾವಮೈದುನ. ಅವಳು ಗಡಬಡಿಸಿ ಸ್ಟೂಲು ಎಳೆದಳು. ಅವನು ಕೂರಲಿಲ್ಲ.

"ಒಂದೇ ಮಾತು ಕೇಳೋಕೆ ಬಂದೆ ಮೇಡಂ. ಕ್ಷಮಾಪಣೆ ಕೇಳೋಕೆ ಶುರು ಮಾಡ್ಬೇಡಿ, ನನಗೆ ಬಸ್ಸಿದೆ."

"ಕೇಳಿ."

"ಆ ಕಾಗದದಲ್ಲಿ ನನ್ನ ಹೆಸರಿರಲಿಲ್ಲ. ಕೀಲಿ ನನ್ನ ಹತ್ರಾನೇ ಇರ್ತಿತ್ತು ಅಂತ ನಿಮಗೆ ಗೊತ್ತಿತ್ತು. ಹೆಸರು ಬಿಟ್ಟಿದ್ದು ನನ್ನನ್ನ ಉಳಿಸೋಕಾ, ಸಿಕ್ಕಿಸೋಕಾ?"

ಇಷ್ಟು ವರ್ಷ ಅವಳು ಆ ಪ್ರಶ್ನೆಯ ಹತ್ತಿರ ಸುಳಿದಿರಲಿಲ್ಲ. ಅವನ ಮಗಳು ಇನ್ನೂ ಓದುತ್ತಿದ್ದಾಳೆ, ಪಾಪ, ಅವನ ಹೊಟ್ಟೆಯ ಮೇಲೆ ಯಾಕೆ ಹೊಡೆಯಲಿ ಎಂದು ಬಿಟ್ಟೆ ಎಂಬ ಉತ್ತರ ಸಿದ್ಧವಿತ್ತು. ಅದರಲ್ಲಿ ಸ್ವಲ್ಪ ನಿಜವೂ ಇತ್ತು. ಆದರೆ ಆ ದಿನ ಮೊದಲು ಅವನ ಹೆಸರು ಟೈಪು ಮಾಡಿ ಆಮೇಲೆ ಅಳಿಸಿದ್ದಳು. ಅಳಿಸುವಾಗ, ಹೆಸರಿಲ್ಲದಿದ್ದರೆ ಬರೆದವನು ಇವನೇ ಎಂದುಕೊಳ್ಳುತ್ತಾರೆ, ನನ್ನ ಕಡೆ ಯಾರೂ ನೋಡುವುದಿಲ್ಲ ಎಂಬ ಯೋಚನೆ ಬಂದಿತ್ತು. ಅದು ಬಂದದ್ದು ಗೊತ್ತಾದ ಮೇಲೂ ಬೆರಳು ನಿಲ್ಲಲಿಲ್ಲ.

"ಎರಡೂ ಇತ್ತು," ಅಂದಳು. ಅವನ ಮುಖ ನೋಡಿ, ಅದು ಸಾಲದು ಅನ್ನಿಸಿತು. "ನಿಮ್ಮ ಮೇಲೆ ಅನುಮಾನ ಬರುತ್ತೆ ಅಂತ ಗೊತ್ತಿತ್ತು. ಗೊತ್ತಿದ್ದೇ ಮಾಡಿದೆ."

ಅವನು ಮೇಜಿನ ಮೇಲಿನ ಕೊಳವೆಯನ್ನು ಸ್ವಲ್ಪ ಹೊತ್ತು ನೋಡಿದ. "ಸರಿ," ಅಂದ. "ನಾನೂ ಹಾಗೇ ಅಂದ್ಕೊಂಡಿದ್ದೆ. ನೀವು ಬೇರೆ ಏನಾದ್ರೂ ಹೇಳಿದ್ರೆ ನಂಬ್ತಿದ್ನೋ ಏನೋ." ಆಮೇಲೆ ಕಾಲೆಳೆದುಕೊಂಡು ಕಾರಿಡಾರಿನಲ್ಲಿ ಹೊರಟ. ಮೆಟ್ಟಿಲು ಇಳಿಯುವಾಗ ಪಕ್ಕದ ಕಂಬಿ ಹಿಡಿದು ಒಂದೊಂದೇ ಕಾಲಿಡುತ್ತಿದ್ದ. ಅವಳು ಬಾಗಿಲವರೆಗೆ ಹೋಗಿ, ಕೈ ಕೊಡಲು ಮುಂದಾಗದೆ, ಅಲ್ಲೇ ನಿಂತಳು.

ಮರುದಿನ ಕೆಸರಣ್ಣ ಬಂದು ಕೈಗವಸು ಹಾಕಿಕೊಳ್ಳುತ್ತ ಕೇಳಿದ: "ನಿನ್ನೆ ಬಂದಿದ್ನಂತೆ?"

"ಹೂಂ."

"ಏನ್ ಕೇಳ್ದ?"

ಅವಳು ಹೇಳಿದಳು. ಪ್ರಶ್ನೆಯನ್ನೂ ಹೇಳಿದಳು, ತಾನು ಕೊಟ್ಟ ಉತ್ತರವನ್ನೂ ಹೇಳಿದಳು, ಒಂದು ಮಾತೂ ಮೆತ್ತಗೆ ಮಾಡದೆ. ಆ ತಿಂಗಳಲ್ಲಿ ಮೊದಲ ಸಲ ಕೆಸರಣ್ಣ ಅವಳ ಮುಖವನ್ನು ನೇರ ನೋಡಿದ. ಅದರಲ್ಲಿ ಕರುಣೆ ಇರಲಿಲ್ಲ. ಹೊಸ ಸಿಟ್ಟೂ ಇರಲಿಲ್ಲ.

"ಮುಂದಿನ ವಾರ ಮಗು ಕರ್ಕೊಂಡು ನಮ್ಮ ಮನೆಗೆ ಬರ್ತಾರಂತೆ," ಅಂದ, ಅವಳಿಗೋ ತನಗೋ ಎಂದು ತಿಳಿಯದ ಹಾಗೆ. "ಅವನು ಬರ್ತಾನೋ ಇಲ್ವೋ ಹೇಳಿಲ್ಲ." ಅಳತೆಪಟ್ಟಿ ನೇರ ಮಾಡಿದ. "ಇಪ್ಪತ್ತಾರನೇ ಕೊಳವೆ ತನ್ನಿ."

ಅವಳು ತಂಪು ಕೋಣೆಗೆ ಇಳಿದು, ಇಪ್ಪತ್ತಾರನೆಯದನ್ನು ಎರಡೂ ಕೈಯಲ್ಲಿ ಅಡ್ಡ ಹಿಡಿದು, ಗೋಡೆಗೆ ತಾಗದಂತೆ ಮೆಲ್ಲಗೆ ಮೇಲೆ ತಂದಳು.